ಎಲ್ಲರ ಪ್ರಬಂಧದಲ್ಲೂ ನಡುವಿನ ಹೆಸರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಾರ್ವಜನಿಕ ಆರೋಗ್ಯ ವಿಭಾಗವೊಂದರಲ್ಲಿ ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯ ಸಂಶೋಧನೆಗೆ ಬೇಕಾದ ಸಂಖ್ಯಾಶಾಸ್ತ್ರ) ಸಹಾಯಕ ಪ್ರಾಧ್ಯಾಪಕಿ. ನಿದ್ರೆ ಬರುತ್ತಿಲ್ಲ, ಮೇಲ್ ತೆರೆಯಲು ಕೈ ಹೋಗುತ್ತಿಲ್ಲ ಎಂದು ನಮ್ಮಲ್ಲಿಗೆ ಸಲಹೆಗೆ ಬಂದರು. ಬಡ್ತಿ ಸಮಿತಿ ‘ಸ್ವತಂತ್ರ ಸಂಶೋಧನೆ ಕಾಣುತ್ತಿಲ್ಲ’ ಎಂದು ಅರ್ಜಿ ಹಿಂದಿರುಗಿಸಿತ್ತು. ಪ್ರಬಂಧಗಳಿಗೇನೂ ಬರವಿಲ್ಲ, ಹೆಸರು ಮಾತ್ರ ಮುಖ್ಯ ಲೇಖಕರ ಜಾಗವಾದ ಮೊದಲಲ್ಲಿರದೆ, ಲೇಖಕರ ಸಾಲಿನಲ್ಲಿ ನಡುವೆಲ್ಲೋ.

“ನನಗೆ ಇಲ್ಲ ಅನ್ನೋಕೆ ಬರಲ್ಲ ಮೇಡಂ” ಎಂದರು. ಸ್ವಭಾವದ ಮಾತು ಆಮೇಲೆ ನೋಡೋಣ ಎಂದು ಒಂದು ವಾರದ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಬರೆಸಿದೆವು. ಯೋಜನೆಗಳು ಎಂಟು. ಅನುದಾನದಲ್ಲಿ ಇವರ ಸಮಯಕ್ಕೆ ಹಣ ತೋರಿಸಿದ್ದು ಮೂರರಲ್ಲಿ. ಉಳಿದ ಐದೂ ‘ಸ್ವಲ್ಪ ನೋಡಿಕೊಡಿ’ ಬಾಬತ್ತು.

ಆ ಐದರಲ್ಲೊಂದು ಶಾಲಾ ಮಕ್ಕಳ ಅಧ್ಯಯನ; ಇವರ ಕೈಗೆ ಬಂದದ್ದು ಡೇಟಾ ಸಂಗ್ರಹ ಮುಗಿದ ಮೇಲೆ. ಶಾಲೆಗಳನ್ನೇ ಎರಡು ಗುಂಪಿಗೆ ಹಂಚಿ, ಶಾಲೆಗೆ 20 ಮಕ್ಕಳಂತೆ ಒಟ್ಟು 400 ಮಕ್ಕಳು. ಒಂದೇ ಶಾಲೆಯ ಮಕ್ಕಳು ಪರಸ್ಪರ ಹೋಲುತ್ತಾರೆ ಎಂಬುದನ್ನು ಮಾದರಿ ಗಾತ್ರದ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಆ ಹೋಲಿಕೆಯ ಅಳತೆಯಾದ ಸಹಸಂಬಂಧ ಬರೀ 0.05 ಇದ್ದರೂ ಡಿಸೈನ್ ಎಫೆಕ್ಟ್ (ಮಾದರಿ ಎಷ್ಟು ಪಟ್ಟು ಹಿಗ್ಗಬೇಕು ಎಂಬ ಲೆಕ್ಕ) 1 + (20 − 1) × 0.05, ಅಂದರೆ 1.95, ಬೇಕಿದ್ದದ್ದು 780 ಮಕ್ಕಳು. ವ್ಯತ್ಯಾಸ ಕಾಣಲಿಲ್ಲ. ಈಗ ‘ಉಪಗುಂಪುಗಳಲ್ಲಾದರೂ ಏನಾದರೂ ಸಿಗುತ್ತಾ ನೋಡಿ’ ಎಂಬ ಮೇಲ್. ನಿಜಕ್ಕೂ ಏನೂ ಇಲ್ಲದಿದ್ದರೂ 0.05ರ ಮಟ್ಟದಲ್ಲಿ (ಇಲ್ಲದ ಪರಿಣಾಮ ಇದೆ ಎಂದು ತೋರುವ ಸಂಭವ ಪ್ರತಿ ಪರೀಕ್ಷೆಗೆ 5%) 20 ಸ್ವತಂತ್ರ ಪರೀಕ್ಷೆ ಮಾಡಿದರೆ ಒಂದಾದರೂ ‘ಸಿಗುವ’ ಸಂಭವ ಸುಮಾರು 64%. ಇದು ಇವರಿಗೆ ಗೊತ್ತು, ಕೇಳಿದವರಿಗೂ ಅರೆಬರೆ ಗೊತ್ತು. ನಿದ್ರೆ ಕೆಡಿಸಿದ್ದು ಕೆಲಸದ ಹೊರೆಗಿಂತ ಹೆಚ್ಚಾಗಿ ಇದೇ ಎಂಬುದು ನಮ್ಮ ಅಂದಾಜು.

ಉತ್ತರವನ್ನು ಅಲ್ಲೇ ಕೂರಿಸಿ ಬರೆಸಿದೆವು: “ಸರ್, ಮುಖ್ಯ ವಿಶ್ಲೇಷಣೆಯನ್ನು ಶಾಲೆಗಳನ್ನು ಲೆಕ್ಕಕ್ಕೆ ಹಿಡಿದು, ಕಾನ್ಫಿಡೆನ್ಸ್ ಇಂಟರ್ವಲ್ ಜೊತೆ ಕೊಡುತ್ತೇನೆ. ಉಪಗುಂಪು ಬೇಕಿದ್ದರೆ, ನೋಡಿದ್ದಷ್ಟನ್ನೂ ಅನ್ವೇಷಣಾತ್ಮಕ ಎಂದೇ ವರದಿ ಮಾಡೋಣ.” (ಕಾನ್ಫಿಡೆನ್ಸ್ ಇಂಟರ್ವಲ್ ಎಂದರೆ ನಿಜವಾದ ಮೌಲ್ಯ ಇರಬಹುದಾದ ಅಂದಾಜು ವ್ಯಾಪ್ತಿ; ಅನ್ವೇಷಣಾತ್ಮಕ ಎಂದರೆ ಸಾಬೀತಲ್ಲ, ಸುಳಿವು ಮಾತ್ರ.) ಮೊದಲ ಕರಡಿನಲ್ಲಿ ಮೂರು ಕಡೆ ‘ಕ್ಷಮಿಸಿ’ ಇತ್ತು. ಮೂರನ್ನೂ ತೆಗೆಸಿದೆವು.

ಹೊಸ ಯೋಜನೆಗಳಿಗೆ ಮೊದಲ ಭೇಟಿಯಲ್ಲೇ ಒಂದು ಪುಟ ಬರೆದು ಒಪ್ಪಿಸಿಕೊಳ್ಳಬೇಕು: ಸಮಯ ಶೇಕಡಾ ಎಷ್ಟು, ಹಣ ಯಾವ ಅನುದಾನದ್ದು, ಲೇಖಕರಲ್ಲಿ ಸ್ಥಾನ ಯಾವುದು. ಡೇಟಾ ನೋಡುವ ಮೊದಲೇ ವಿಶ್ಲೇಷಣಾ ಯೋಜನೆಗೆ ಸಹಿ ಆಗಿರಬೇಕು. ಲೇಖಕತ್ವದಲ್ಲಿ ಇವರದೇ ಒಂದು ಲೋಪವೂ ಇತ್ತು. ಐಸಿಎಂಜೆಇ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮದಂತೆ ವಿಶ್ಲೇಷಣೆ ಮಾಡಿದರಷ್ಟೇ ಸಾಲದು. ಕರಡು ಬರೆಯಬೇಕು ಅಥವಾ ವಿಮರ್ಶಾತ್ಮಕವಾಗಿ ತಿದ್ದಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಡಬೇಕು, ಹೊಣೆ ಹೊರಬೇಕು. ಇವರು ಕೋಷ್ಟಕ ಕಳಿಸಿ ಸುಮ್ಮನಾಗುತ್ತಿದ್ದರು. ವಿಧಾನದ ಭಾಗವನ್ನು ತಾವೇ ಬರೆಯಲು, ಚರ್ಚೆಯ ಭಾಗವನ್ನು ಓದಿ ತಿದ್ದಲು ಹೇಳಿದೆವು.

ಐದನ್ನೂ ಒಮ್ಮೆಗೇ ಬಿಟ್ಟುಬಿಡುತ್ತೇನೆ ಎಂದರು. ಬೇಡ ಎಂದೆವು. ಮುಗಿಯುವ ಹಂತದ ಎರಡನ್ನು ಮುಗಿಸಿ, ಉಳಿದವಕ್ಕೆ ಕೊನೆಯ ದಿನಾಂಕ ತಿಳಿಸುವುದು ಲೇಸು.

ಸ್ವತಂತ್ರ ಸಂಶೋಧನೆಗೆ ಹೊಸ ವಿಷಯ ಹುಡುಕಬೇಕಿಲ್ಲ. ಕ್ಲಸ್ಟರ್ (ಇಲ್ಲಿ ಶಾಲೆಯಂಥ ಗುಂಪು) ಸಂಖ್ಯೆ ಸುಮಾರು 40ಕ್ಕಿಂತ ಕಡಿಮೆಯಿದ್ದಾಗ, ಗುಂಪಿನೊಳಗಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಜಿಇಇ ವಿಧಾನದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಇರಬೇಕಾದ್ದಕ್ಕಿಂತ ಚಿಕ್ಕದಾಗಿಬಿಡುತ್ತದೆ; ತಿದ್ದುಪಡಿ ಬೇಕು. ಶಾಲೆಗಳ ಅಧ್ಯಯನದಲ್ಲಿ ಇದ್ದದ್ದು 20 ಕ್ಲಸ್ಟರ್. ಇಂಥ ಅಧ್ಯಯನಗಳಿಗೆ ಯಾವ ತಿದ್ದುಪಡಿ ಹೊಂದುತ್ತದೆ ಎಂದು ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಕೃತಕ ಡೇಟಾ ಸೃಷ್ಟಿಸಿ ಪರೀಕ್ಷೆ) ಮಾಡಿ ಬರೆದರೆ ಮೊದಲ ಲೇಖಕಿ ಇವರೇ. ಬಡ್ತಿ ಅರ್ಜಿಗೆ ಐದು ಮುಖ್ಯ ಪ್ರಬಂಧಗಳನ್ನು ಆರಿಸಿ, ಇವರಿಂದಾಗಿ ವಿನ್ಯಾಸದಲ್ಲಿ ಏನು ಬದಲಾಯಿತು ಎಂದು ಮೂರು ಮೂರು ಸಾಲು ಸೇರಿಸಬೇಕು.

ಹೊರೆ ಇಳಿದ ಮೇಲೂ ನಿದ್ರೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲು ತಿಳಿಸಿದ್ದೇವೆ.