ಪಿಯುಸಿಯಲ್ಲಿ 57 ಪರ್ಸೆಂಟ್ ಬಂದವನು ಎನ್‌ಡಿಎಗೆ ಹೋಗಬಹುದಾ?

ತಮ್ಮಾ, ನೀನು ಯಾದಗಿರಿ ಜಿಲ್ಲೆಯವನು, ಪಿಯುಸಿ ಸೈನ್ಸ್‌ನಲ್ಲಿ 57 ಪರ್ಸೆಂಟ್ ಬಂದಿದೆ, ಮನೆಯಲ್ಲಿ ತೊಗರಿ ಹೊಲ ಬಿಟ್ಟರೆ ಬೇರೆ ಆದಾಯ ಇಲ್ಲ ಎಂದು ಬರೆದಿದ್ದೀಯ. ಇಷ್ಟು ಮಾರ್ಕ್ಸ್‌ಗೆ ಸರ್ಕಾರವೇ ಖರ್ಚು ಹಾಕಿ ಓದಿಸಿ ಆಫೀಸರ್ ಮಾಡುತ್ತದಾ ಅನ್ನೋದು ನಿನ್ನ ಪ್ರಶ್ನೆ. ಮಾಡುತ್ತದೆ. ನಾನು ಕಲಬುರಗಿಯವನು. ಪಿಯುಸಿಯಲ್ಲಿ ನಿನಗಿಂತ ಕಡಿಮೆ ತೆಗೆದವನು. ಶಾರ್ಟ್ ಸರ್ವಿಸ್ (ನಿಗದಿತ ವರ್ಷಗಳ ಸೇವೆ) ಆಫೀಸರ್ ಆಗಿ ಸೇನೆಯಲ್ಲಿದ್ದು ಈಗ ಊರಿಗೆ ಬಂದಿದ್ದೇನೆ.

ಎನ್‌ಡಿಎ ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಪಿಯುಸಿ ಆದವರನ್ನು ಮೂರೂ ಸೇನೆಗಳ ಆಫೀಸರ್ ಆಗಲು ತಯಾರು ಮಾಡುವ ಜಾಗ. ಅದರ ಪರೀಕ್ಷೆಗೆ ಪಿಯುಸಿಯಲ್ಲಿ ಇಷ್ಟೇ ಪರ್ಸೆಂಟ್ ಇರಬೇಕು ಅನ್ನೋ ನಿಯಮ ಇಲ್ಲ. ಪಾಸಾದರೆ ಸಾಕು. ಭೂಸೇನೆಗೆ ಆರ್ಟ್ಸ್ ಓದಿದವರೂ ನಡೆಯುತ್ತಾರೆ. ವಾಯುಸೇನೆ, ನೌಕಾಪಡೆಗೆ ಮಾತ್ರ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. 60 ಪರ್ಸೆಂಟ್ ಬೇಕು, ಜೆಇಇ ಬರೆದಿರಬೇಕು ಅಂತ ನಿನ್ನ ಗೆಳೆಯ ಹೇಳಿದ ಲೆಕ್ಕ ಟಿಇಎಸ್ (ಸೇನೆಯ ಟೆಕ್ನಿಕಲ್ ಎಂಟ್ರಿ ಸ್ಕೀಮ್) ಅನ್ನೋ ಬೇರೆ ದಾರಿಯದು. ಅದು ನಿನಗೆ ಆಗಲ್ಲ, ಬಿಟ್ಟುಬಿಡು.

ಲಿಖಿತ ಪರೀಕ್ಷೆ ಒಟ್ಟು 900 ಮಾರ್ಕ್ಸ್‌ಗೆ. ಮ್ಯಾಥ್ಸ್ 300, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿ 600. ಇತ್ತೀಚಿನ ವರ್ಷಗಳಲ್ಲಿ ಕಟ್‌ಆಫ್ ಸುಮಾರು 300ರ ಹತ್ತಿರ ನಿಂತಿದೆ. 2022ರಲ್ಲಿ ಒಮ್ಮೆ 360ಕ್ಕೆ ಹೋಗಿತ್ತು. ಲೆಕ್ಕ ಹಾಕಿ ನೋಡು. ಮ್ಯಾಥ್ಸ್‌ನ 120 ಪ್ರಶ್ನೆಯಲ್ಲಿ 40 ಸರಿ, 12 ತಪ್ಪು ಮಾಡಿದರೆ 90 ಬರುತ್ತದೆ. ಇನ್ನೊಂದು ಪೇಪರಿನ 150ರಲ್ಲಿ 65 ಸರಿ, 30 ತಪ್ಪು ಮಾಡಿದರೆ 220. ಒಟ್ಟು 310. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಟ್ ಆಗುತ್ತದೆ, ಅದಕ್ಕೇ ಗೊತ್ತಿಲ್ಲದ್ದನ್ನು ಮುಟ್ಟಬೇಡ. ಎರಡೂ ಪೇಪರಿನಲ್ಲಿ ಬೇರೆ ಬೇರೆಯಾಗಿ ಕನಿಷ್ಠ ಮಾರ್ಕ್ಸ್ ಬೇಕು, ಹಾಗಾಗಿ ಮ್ಯಾಥ್ಸ್ ಪೂರ್ತಿ ಕೈಬಿಡೋಕೆ ಆಗಲ್ಲ. ಪೇಪರ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಹಾಂ, ಕಲ್ಯಾಣ ಕರ್ನಾಟಕದ 371ಜೆ ಸರ್ಟಿಫಿಕೇಟ್ ಹಿಡಿದುಕೊಂಡು ಹೋಗಬೇಡ. ಇಲ್ಲಿ ಯಾವ ಮೀಸಲಾತಿಯೂ ಇಲ್ಲ.

ನಮ್ಮ ಭಾಗದ ಹುಡುಗರು ಜಾಸ್ತಿ ವಾಪಸ್ ಬರೋದು ಲಿಖಿತದಿಂದಲ್ಲ, ಎಸ್‌ಎಸ್‌ಬಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನದಿಂದ. ಅದಕ್ಕೂ 900 ಮಾರ್ಕ್ಸ್. ಐದು ದಿನ ಅಲ್ಲೇ ಉಳಿಸಿಕೊಂಡು ನೋಡುತ್ತಾರೆ. ಮೊದಲ ದಿನ ಒಂದು ಮಸುಕಾದ ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಆಮೇಲೆ ಅದನ್ನು ಗುಂಪಿನ ಮುಂದೆ ಹೇಳಬೇಕು, ಚರ್ಚೆ ಮಾಡಬೇಕು. ಅರ್ಧಕ್ಕಿಂತ ಜಾಸ್ತಿ ಜನ ಅವತ್ತೇ ಮನೆಗೆ. ಉಳಿದವರಿಗೆ ಮುಂದೆ 60 ಪದ, ಒಂದೊಂದಕ್ಕೆ 15 ಸೆಕೆಂಡು. ಪದ ನೋಡಿ ಹೊಳೆದ ವಾಕ್ಯ ಬರೆಯಬೇಕು. 60 ಸನ್ನಿವೇಶಕ್ಕೆ ಅರ್ಧ ಗಂಟೆ. ಬಾಯಿಪಾಠ ಮಾಡಿದ ಉತ್ತರ ಇಷ್ಟು ವೇಗದಲ್ಲಿ ಕೈಗೆ ಬರಲ್ಲ. ಕೋಚಿಂಗ್‌ನವರು ಕೊಡುವ ರೆಡಿಮೇಡ್ ಕಥೆಗಳಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಎಲ್ಲರ ಕಥೆಯಲ್ಲೂ ಅದೇ ಪ್ರವಾಹ, ಅದೇ ಹೀರೋ!

ಸಂದರ್ಶನದಲ್ಲಿ ಮನೆ, ಊರು, ಓದಿನ ಬಗ್ಗೆ ಒಂದೇ ಉಸಿರಿಗೆ ಏಳೆಂಟು ಪ್ರಶ್ನೆ ಕೇಳುತ್ತಾರೆ. ತೊಗರಿ ಕ್ವಿಂಟಲ್‌ಗೆ ಎಷ್ಟು, ಬೆಂಬಲ ಬೆಲೆ ಅಂದರೆ ಏನು, ಭೀಮಾ ಎಲ್ಲಿ ಹುಟ್ಟಿ ಎಲ್ಲಿ ಕೃಷ್ಣೆ ಸೇರುತ್ತದೆ, ಬೀದರ್ ವಾಯುನೆಲೆಯಲ್ಲಿ ಏನು ನಡೆಯುತ್ತದೆ, ಇಂಥವು ಬಾಯಲ್ಲಿರಲಿ. ವಾಯುಸೇನೆಯ ವಿಮಾನ ಪ್ರದರ್ಶನ ತಂಡ ಸೂರ್ಯಕಿರಣ ಶುರುವಾಗಿದ್ದು 1996ರಲ್ಲಿ, ಅದೇ ಬೀದರ್‌ನಲ್ಲಿ. ನಮ್ಮ ಭಾಗದವನಿಗೆ ಅಷ್ಟೂ ಗೊತ್ತಿಲ್ಲ ಅಂದರೆ ಹೇಗೆ? 57 ಪರ್ಸೆಂಟ್ ಯಾಕೆ ಅಂತಲೂ ಕೇಳುತ್ತಾರೆ. ಬಿತ್ತನೆ, ರಾಶಿ ಕೆಲಸ ಇತ್ತು ಅನ್ನೋದು ನಿಜವಾದರೆ ಅದನ್ನೇ ಹೇಳು, ಅಳಬೇಡ.

ಇಂಗ್ಲಿಷ್ ಭಯ ನಿನಗೂ ಇದೆ ಅಂದಿದ್ದೀಯ. ದಿನಾ ಅರ್ಧ ಗಂಟೆ ಯಾರ ಜೊತೆಗಾದರೂ ಜೋರಾಗಿ ಮಾತಾಡು. ವ್ಯಾಕರಣ ಆಮೇಲೆ. ತಡವರಿಸಿ ಒಂದೆರಡು ಮಾತು ಹಿಂದಿಯಲ್ಲಿ ಬಂದರೆ ಯಾರೂ ಹೊರಗೆ ಹಾಕಲ್ಲ, ನಮಗಂತೂ ಹಿಂದಿ ಬರುತ್ತದೆ. ಬರೋದು ನಮ್ಮ ಕಡೆಯ ದಖ್ಖನಿ, ಆ ಮಾತು ಬೇರೆ. ಉತ್ತರದ ಹುಡುಗರ ಮುಂದೆ "ನಕ್ಕೋ" (ಬೇಡ) ಅಂದರೆ ಚರ್ಚೆ ಅಲ್ಲೇ ನಿಂತುಹೋಗುತ್ತದೆ.

ದುಡ್ಡಿನ ವಿಷಯ. ಪುಣೆ ಹತ್ತಿರದ ಖಡಕವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ ಊಟ, ವಸತಿ, ಓದು ಎಲ್ಲಾ ಸರ್ಕಾರದ್ದು, ಕೊನೆಗೆ ಜೆಎನ್‌ಯು ಡಿಗ್ರಿ. ಸೇರುವಾಗ ಕೈಖರ್ಚು, ಬಟ್ಟೆ ಇತ್ಯಾದಿಗೆ ಹತ್ತಾರು ಸಾವಿರ ಕಟ್ಟಬೇಕು, ಅಷ್ಟು ಹೊಂದಿಸಿಕೊ. ಆಮೇಲೆ ಭೂಸೇನೆಯವರಿಗೆ ನಡೆಯುವ ಡೆಹ್ರಾಡೂನ್ ತರಬೇತಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ತಂಗಿ ಇದ್ದರೆ ಅವಳೂ ಬರೆಯಬಹುದು. ಎನ್‌ಡಿಎಗೆ ಹುಡುಗಿಯರ ಮೊದಲ ತಂಡ ಸೇರಿದ್ದು 2022ರಲ್ಲಿ, 2025ರ ಮೇನಲ್ಲಿ ಪಾಸಾಗಿ ಹೊರಬಂದರು.

ಒಂದು ಮಾತು ಮುಚ್ಚಿಡಲ್ಲ. ಎಸ್‌ಎಸ್‌ಬಿ ಪಾಸಾದ ಎಲ್ಲರಿಗೂ ಸೀಟು ಸಿಗಲ್ಲ. ಎರಡೂ ಸೇರಿ 1800ಕ್ಕೆ ರ‍್ಯಾಂಕ್ ಮಾಡುತ್ತಾರೆ, ಲಿಖಿತದಲ್ಲಿ ಅಂಚಿನಲ್ಲಿ ಪಾಸಾದವನು ಅಲ್ಲಿ ಉಳಿದುಬಿಡಬಹುದು. ಕೋರ್ಸ್ ಶುರುವಾಗುವ ಹೊತ್ತಿಗೆ ಹತ್ತೊಂಬತ್ತೂವರೆ ವರ್ಷ ದಾಟಿರಬಾರದು, ಅಲ್ಲಿಯವರೆಗೆ ವರ್ಷಕ್ಕೆ ಎರಡು ಸಲ ಬರೆಯಬಹುದು. ಅಷ್ಟರಲ್ಲಿ ಡಿಗ್ರಿಗೆ ಸೇರಿದ ಮೊದಲ ತಿಂಗಳಲ್ಲೇ ಎನ್‌ಸಿಸಿಗೆ ಹೆಸರು ಕೊಡು. ನಾನು ಹೋದ ದಾರಿ ಅದು. ಸಿ ಸರ್ಟಿಫಿಕೇಟ್‌ನಲ್ಲಿ ಬಿ ಗ್ರೇಡ್, ಡಿಗ್ರಿಯಲ್ಲಿ 50 ಪರ್ಸೆಂಟ್ ಇದ್ದರೆ ಲಿಖಿತ ಪರೀಕ್ಷೆಯೇ ಇಲ್ಲ, ನೇರ ಎಸ್‌ಎಸ್‌ಬಿ, ತರಬೇತಿ ಚೆನ್ನೈನಲ್ಲಿ. ಇದಕ್ಕೆ 25 ವರ್ಷದವರೆಗೆ ಟೈಮ್ ಇದೆ.

ಅರ್ಜಿ ಬಿಟ್ಟ ಮೊದಲ ವಾರದಲ್ಲೇ ಹಾಕು. ಮೊದಲು ಬಂದವರಿಗೆ ಕೇಳಿದ ಕೇಂದ್ರ ಕೊಡುತ್ತಾರೆ. ನಿನಗೆ ಧಾರವಾಡ, ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅದನ್ನೇ ತಗೋ.