ನಳ್ಳಿಯಲ್ಲಿ ಗಾಳಿ ಬಂತು, ನೀರು ಬಿಡಬೇಕಾದವರು ಯಾರು?

ಪ್ರಿಯರೇ,

ನೀವು ಕಳಿಸಿದ ಲೇಖನವನ್ನು ಮೂರು ಸಲ ಓದಿದೆ. ಮೊದಲ ಸಲ ಮನಸ್ಸು ಕಲಕಿತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಪೆನ್ನು ಹಿಡಿದು ಕೂತೆ. ನಿಮ್ಮ ಹೆಸರಾಗಲಿ ಪಂಚಾಯತಿನ ಹೆಸರಾಗಲಿ ಇಲ್ಲಿ ಹಾಕುತ್ತಿಲ್ಲ. ಆದರೆ ಇಂಥ ಲೇಖನಗಳು ತಿಂಗಳಿಗೆ ನಾಲ್ಕೈದು ಬರುತ್ತವೆ. ಹಾಗಾಗಿ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ವಾರ್ಡ್. ಗುಡ್ಡದ ಮೇಲೆ ಟ್ಯಾಂಕು ಕಟ್ಟಿ, ಪೈಪು ಎಳೆದು, ಮನೆಮನೆಗೆ ನಳ್ಳಿ ಇಟ್ಟು ಎರಡು ವರ್ಷ ಆಯಿತು. ನೀರು ಬಂದಿಲ್ಲ. ಲೇಖನ ಅದರ ಬಗ್ಗೆ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ಅಜ್ಜಿಯೊಬ್ಬರು ಮಾರ್ಚ್ ತಿಂಗಳ ಮಧ್ಯಾಹ್ನ ಕೊಡ ಹಿಡಿದುಕೊಂಡು ಬಂದು ನಳ್ಳಿ ತಿರುಗಿಸುತ್ತಾರೆ. ಸುಯ್ ಅಂತ ಗಾಳಿ ಬರುತ್ತದೆ. ಅವರು ನಳ್ಳಿಯನ್ನು ಮತ್ತೆ ಬಿಗಿಯಾಗಿ ಮುಚ್ಚಿ, ಕೊಡವನ್ನು ಸೊಂಟಕ್ಕೇರಿಸಿ, ತೋಟದ ಮೇಲೆ ನೀರಿಗಾಗಿ ಗುಡ್ಡ ಕೊರೆದ ಸುರಂಗದ ಕಡೆಗೆ ನಡೆಯುತ್ತಾರೆ. ಬಾರದ ನೀರಿನ ನಳ್ಳಿಯನ್ನೂ ಮುಚ್ಚಿ ಹೋಗುವ ಆ ಕೈಯನ್ನು ನೀವು ನೋಡಿದ್ದೀರಿ. ಅದು ಎಲ್ಲರಿಗೂ ಕಾಣುವುದಿಲ್ಲ.

ಇನ್ನು ನನಗೆ ಸಿಟ್ಟು ತರಿಸಿದ್ದು. ನಿಮ್ಮ ಎರಡು ಪುಟಗಳಲ್ಲಿ ‘ಲಾಗಿದೆ’, ‘ಲಾಗಿಲ್ಲ’, ‘ಲಾಗುತ್ತಿದೆ’ ಎಷ್ಟಿವೆ ಎಂದು ಎಣಿಸಿದೆ. 23 ಇವೆ. ಉದಾಹರಣೆಗೆ ಮೂರನೇ ಪ್ಯಾರಾದ ಮೊದಲ ಸಾಲು:

“ಕುಡಿಯುವ ನೀರಿನ ಯೋಜನೆಯನ್ನು ಜಾರಿಗೊಳಿಸಲಾಗಿದ್ದರೂ ಈವರೆಗೆ ನೀರು ಒದಗಿಸಲಾಗಿಲ್ಲ.”

ಯಾರು ಜಾರಿಗೊಳಿಸಿದರು? ಯಾರು ಒದಗಿಸಲಿಲ್ಲ? ಇಡೀ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಒಂದು ಕಚೇರಿಯೂ ಇಲ್ಲ. ಈ ವಾಕ್ಯ ಓದಿ ಯಾರಿಗೂ ಕಸಿವಿಸಿ ಆಗುವುದಿಲ್ಲ, ಯಾಕೆಂದರೆ ಇದು ಯಾರನ್ನೂ ಕುರಿತು ಬರೆದದ್ದಲ್ಲ. ನಮ್ಮಲ್ಲಿ ಒಂದು ನೀರಿನ ಯೋಜನೆ ಎಷ್ಟು ಕೈಯಲ್ಲಿ ಇರಬಹುದು ಎಂದು ನೋಡಿ. ಅದು ಪಂಚಾಯತಿನದ್ದಿರಬಹುದು. ವಾಟರ್ ಅಥಾರಿಟಿಯದ್ದಿರಬಹುದು. ರಾಜ್ಯದ ಗ್ರಾಮೀಣ ನೀರಿನ ಯೋಜನೆ ಜಲನಿಧಿಯದ್ದಾದರೆ ಫಲಾನುಭವಿಗಳ ಸಮಿತಿಯೇ ಹಣ ವಸೂಲು ಮಾಡಿ, ಕರೆಂಟು ಬಿಲ್ಲು ಕಟ್ಟಿ ನಡೆಸಬೇಕು. ಮೋಟಾರಿಗೆ ಕರೆಂಟು ಕನೆಕ್ಷನ್ನೇ ಸಿಕ್ಕಿಲ್ಲ ಅಂತಾದರೆ ವಿದ್ಯುತ್ ಮಂಡಳಿಯನ್ನೂ ಕೇಳಬೇಕಾಗುತ್ತದೆ. ಈ ನಾಲ್ಕರಲ್ಲಿ ಯಾವುದು ಎಂದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ‘ಲಾಗಿಲ್ಲ’ದ ಹಿಂದೆ ಅಡಗಿಸಿದ್ದೀರಿ.

ಪಂಚಾಯತಿನ ವಾರ್ಷಿಕ ಯೋಜನೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ನಂಬರ್ ಇರುತ್ತದೆ. ಅದನ್ನು ನಡೆಸಲು ಒಬ್ಬರು ನಿರ್ವಹಣಾ ಅಧಿಕಾರಿ ಇರುತ್ತಾರೆ. ಕೆಲಸ ರಸ್ತೆಯದ್ದಾದರೆ ಎಂಜಿನಿಯರ್, ಕೃಷಿಯದ್ದಾದರೆ ಕೃಷಿ ಭವನದ ಅಧಿಕಾರಿ. ಆ ನಂಬರ್ ಹುಡುಕಿ. ಆಗ ನಿಮ್ಮ ವಾಕ್ಯಕ್ಕೆ ಕರ್ತೃ ತಾನಾಗಿ ಬರುತ್ತಾನೆ.

ಮುಂದಿನ ಸಾಲು: “ಈ ಬಗ್ಗೆ ಹಲವು ಬಾರಿ ಅಪೇಕ್ಷೆ ಸಲ್ಲಿಸಲಾಗಿದ್ದು, ಯಾವುದೇ ಕ್ರಮ ಕೈಗೊಳ್ಳಲಾಗಿಲ್ಲ.”

ಇಲ್ಲಿ ಇನ್ನೊಂದು ತಕರಾರಿದೆ, ಅದು ನನಗೆ ಇನ್ನೂ ಹತ್ತಿರದ್ದು. ನಮ್ಮ ಬಾಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಒಟ್ಟಿಗೇ ಓಡಾಡುತ್ತವೆ. ಬಸ್ಸಿನಲ್ಲಿ “ಅಪೇಕ್ಷೆ ಕೊಟ್ಟು ಬಂದೆ” ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. ನಾನೂ ಹಾಗೇ ಮಾತಾಡುತ್ತೇನೆ. ಆದರೆ ಬರೆಯುವಾಗ ಎಚ್ಚರ ಬೇಕು. ಮಲಯಾಳದ ಅಪೇಕ್ಷೆ ಎಂದರೆ ಅರ್ಜಿ. ಕನ್ನಡದ ಅಪೇಕ್ಷೆ ಎಂದರೆ ಬಯಕೆ. ಬಯಕೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅರ್ಜಿಗೆ ತಾರೀಕಿದೆ, ರಶೀದಿ ಇದೆ. ‘ಹಲವು ಬಾರಿ’ ಎಂದರೆ ಎಷ್ಟು ಬಾರಿ? ಯಾರ ಕೈಗೆ ಕೊಟ್ಟಿರಿ? ರಶೀದಿ ಇಟ್ಟುಕೊಂಡಿದ್ದೀರಾ?

ಇನ್ನೊಂದು ಕಡೆ: “ಮಾಹಿತಿ ಪಡೆಯುವ ಅವಕಾಶ ಸಾಮಾನ್ಯರಿಗೂ ಇದೆ.”

ಇದನ್ನು ಓದುವಾಗ ನಿಜಕ್ಕೂ ನೋವಾಯಿತು. ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ಮಾಹಿತಿ ಹಕ್ಕಿಗೆ ಅವರು ‘ವಿವರಾವಕಾಶ’ ಅನ್ನುತ್ತಾರೆ. ಕನ್ನಡದಲ್ಲಿ ಅವಕಾಶ ಅಂದರೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವಂಥದ್ದು, ಸಿಕ್ಕಿದರೆ ಸಿಕ್ಕಿತು. 2005ರ ಕಾಯ್ದೆ ನಮಗೆ ಕೊಟ್ಟದ್ದು ಹಕ್ಕು. 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಬಹುದು. ಒಂದು ಶಬ್ದ ತಪ್ಪಿ ಹಕ್ಕು ಅವಕಾಶ ಆಯಿತು, ಅರ್ಜಿ ಬಯಕೆ ಆಯಿತು. ಕೇಳುವವರು ಬೇಡುವವರಾದರು. ಹಾಗೆಯೇ “ಲಕ್ಷಾಂತರ ರೂಪಾಯಿ ಅನುವದಿಸಲಾಗಿದೆ” ಎಂದಿದ್ದೀರಿ. ಕನ್ನಡದವರಿಗೆ ಅನುವಾದ ನೆನಪಾಗುತ್ತದೆ. ಮಂಜೂರು ಎನ್ನುವ ಶಬ್ದ ನಮ್ಮಲ್ಲಿ ಇದೆ ಅಲ್ವಾ? ಮಂಜೂರು ಮಾಡಿದ್ದು ಯಾರು, ಯಾವ ವರ್ಷ, ಎಷ್ಟು ರೂಪಾಯಿ ಎಂದು ಬರೆಯಿರಿ. ‘ಲಕ್ಷಾಂತರ’ ಒಂದು ಲೆಕ್ಕವೇ ಅಲ್ಲ.

ನಾನು ಇದನ್ನೆಲ್ಲ ಕಲಿತದ್ದು 1997ರಲ್ಲಿ. ಹಿಂದಿನ ವರ್ಷ, 1996ರ ಆಗಸ್ಟ್ 17ರಂದು ಕೇರಳದಲ್ಲಿ ಜನಕೀಯ ಯೋಜನೆ ಶುರುವಾಗಿತ್ತು. ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಪಂಚಾಯತುಗಳಿಗೂ ನಗರಸಭೆಗಳಿಗೂ ಬಿಟ್ಟುಕೊಡುತ್ತೇವೆ ಎಂದರು. ತಿರುವನಂತಪುರ ನಮ್ಮಿಂದ 550 ಕಿಲೋಮೀಟರಿಗೂ ದೂರ. ಅಲ್ಲಿನ ಹಣ ನಮ್ಮ ಶಾಲೆಯ ಜಗಲಿಯಲ್ಲಿ ಕೂತು ಹಂಚುವ ಹಾಗಾಯಿತು ಎಂದು ಊರಿಗೆ ಊರೇ ಗ್ರಾಮಸಭೆಗೆ ಬಂದಿತ್ತು. ನಾನು ಆಗ ಒಂದು ಸಣ್ಣ ಕನ್ನಡ ಪತ್ರಿಕೆಯಲ್ಲಿ ಹೊಸಬ. ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಮುರಿದ ಸುದ್ದಿ ಬರೆದೆ. ಕೊನೆಯ ಸಾಲು, “ಈವರೆಗೆ ದುರಸ್ತಿ ಮಾಡಲಾಗಿಲ್ಲ.” ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ನಿನಲ್ಲಿ ಆ ಒಂದು ಶಬ್ದಕ್ಕೆ ಸುತ್ತು ಹಾಕಿದರು.

“ಯಾರು ಮಾಡಿಲ್ಲ?”

“ಪಂಚಾಯತ್.”

“ಕೇಳಿ ಬಂದಿದ್ದೀಯಾ?”

ಕೇಳಿರಲಿಲ್ಲ. ಮರುದಿನ ಬಸ್ಸು ಹತ್ತಿದೆ. ಪಂಚಾಯತಿನ ಕ್ಲರ್ಕ್ ಆಸ್ತಿ ರಿಜಿಸ್ಟರ್ ತೆಗೆದು ನನ್ನೆದುರೇ ಪುಟ ಮಗುಚಿದರು. ಆ ಸಂಕ ಅದರಲ್ಲಿ ಇರಲೇ ಇಲ್ಲ. ಅದು ಊರಿನವರೇ ಹಿಂದೆ ಯಾವಾಗಲೋ ಅಡಿಕೆ ಮರ ಕಡಿದು ಹಾಕಿದ ಸಂಕ. ಗ್ರಾಮಸಭೆಯ ಮಿನಿಟ್ಸ್ ಪುಸ್ತಕ ನೋಡಿದೆ. ಅದರ ಬಗ್ಗೆ ಯಾರೂ ಒಮ್ಮೆಯೂ ಕೇಳಿರಲಿಲ್ಲ. ಮೆಂಬರಿಗೆ ವಿಷಯ ಗೊತ್ತಿತ್ತು, ಆದರೂ ಅವರು ಪಟ್ಟಿಗೆ ಸೇರಿಸಿರಲಿಲ್ಲ. ನಾನು ಸುದ್ದಿ ತಿರುಗಿ ಬರೆದೆ. ಈ ಸಲ ಸಂಕ ಯಾರ ಲೆಕ್ಕದಲ್ಲೂ ಇಲ್ಲ ಎಂಬುದೇ ಮೊದಲ ಸಾಲು. ಮುಂದಿನ ಗ್ರಾಮಸಭೆಯಲ್ಲಿ ಅದು ಪಟ್ಟಿಗೆ ಸೇರಿತು. ಸಂಕ ಆಗಲು ಮತ್ತೆರಡು ಮಳೆಗಾಲ ಬೇಕಾಯಿತು. ಆದರೆ ಆ ಎರಡು ಮಳೆಗಾಲದಲ್ಲಿ ಊರಿನವರಿಗೆ ಯಾರನ್ನು ಕೇಳಬೇಕು ಎಂದು ಗೊತ್ತಿತ್ತು. ಆ ಹಿರಿಯರು ಈಗಿಲ್ಲ. ಇವತ್ತೂ ‘ಲಾಗಿದೆ’ ಕಂಡರೆ ನನಗೆ ಆ ಕೆಂಪು ಸುತ್ತು ಕಾಣುತ್ತದೆ.

ಇನ್ನು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. “ಗಡಿನಾಡ ಕನ್ನಡಿಗರ ಬಗ್ಗೆ ಸರಕಾರದ ಮಲತಾಯಿ ಧೋರಣೆ ಇನ್ನಾದರೂ ನಿಲ್ಲಬೇಕು.”

ಯಾವ ಸರಕಾರ? ನಮ್ಮ ತಲೆಯ ಮೇಲೆ ಗ್ರಾಮ ಪಂಚಾಯತ್, ಬ್ಲಾಕ್ ಪಂಚಾಯತ್, ಜಿಲ್ಲಾ ಪಂಚಾಯತ್, ರಾಜ್ಯ, ಕೇಂದ್ರ ಎಂದು ಐದಿವೆ. ಪ್ರೈಮರಿ ಸರಕಾರಿ ಶಾಲೆಯ ಕಟ್ಟಡ ಗ್ರಾಮ ಪಂಚಾಯತಿನ ಜವಾಬ್ದಾರಿ, ಸರಕಾರಿ ಹೈಸ್ಕೂಲಿನದ್ದು ಜಿಲ್ಲಾ ಪಂಚಾಯತಿನದ್ದು. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಟೀಚರು ಬಂದರೆ ಪಂಚಾಯತನ್ನು ಬೈದು ಪ್ರಯೋಜನ ಇಲ್ಲ. ಆ ನೇಮಕ ಆಗುವುದು ರಾಜ್ಯದ ಲೋಕಸೇವಾ ಆಯೋಗದ (ಪಿಎಸ್‌ಸಿ) ಮೂಲಕ. ಎಲ್ಲವನ್ನೂ ಒಂದೇ ಮಲತಾಯಿಯ ತಲೆಗೆ ಕಟ್ಟಿದರೆ ಐದೂ ಮಂದಿ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಗಾಯ ನಮ್ಮ ಮನೆಯಲ್ಲೂ ಇದೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು ಎಂಬುದನ್ನು ನನ್ನ ತಂದೆ ಕೊನೆಯವರೆಗೂ ಹೇಳುತ್ತಿದ್ದರು. ಆದರೆ ಅದೇ ಪೈಪಿನ ಮುಂದಿನ ಮನೆಯ ಮಲಯಾಳದವರಿಗೂ ನೀರಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಈ ನಳ್ಳಿ ಭಾಷೆಯ ಜಗಳ ಅಲ್ಲ.

ಭಾಷೆಯ ವಿಷಯ ನಿಮ್ಮ ಲೇಖನದಲ್ಲಿ ಬೇರೆ ಕಡೆ ಇದೆ, ನೀವೇ ಅದನ್ನು ದಾಟಿ ಹೋಗಿದ್ದೀರಿ. ಎರಡನೇ ಪುಟದ ನಡುವೆ ಅರ್ಧ ಸಾಲು: “ಗ್ರಾಮಸಭೆಯ ನೋಟೀಸು ಮಲಯಾಳದಲ್ಲಿ ಮಾತ್ರ ಇದ್ದುದರಿಂದ ಅಜ್ಜಿಗೆ ತಿಳಿಯಲಿಲ್ಲ.” ಅಯ್ಯೋ, ಇದೇ ಅಲ್ವಾ ಸುದ್ದಿ! ಕೇರಳದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕರೆಯಬೇಕಾದವರು ವಾರ್ಡಿನ ಮೆಂಬರ್. ಸತತ ಎರಡು ಸಲ ಕರೆಯದಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು. ಮತದಾರರಲ್ಲಿ ಹತ್ತರಲ್ಲಿ ಒಬ್ಬರಾದರೂ ಸಭೆಯಲ್ಲಿ ಇರಬೇಕು. ಹಿಂದಿನ ತೀರ್ಮಾನ ಏನಾಯಿತು ಎಂದು ಎದ್ದು ನಿಂತು ಕೇಳುವ ಜಾಗ ಅದು. ಆ ಜಾಗಕ್ಕೆ ಅಜ್ಜಿ ಬರಲಿಲ್ಲ, ಯಾಕೆಂದರೆ ಕರೆಯೋಲೆ ಅವರ ಭಾಷೆಯಲ್ಲಿ ಇರಲಿಲ್ಲ. ನಿಮ್ಮ ಊರಿನ ಅಜ್ಜಿ ಕನ್ನಡದಲ್ಲೇ ಅಹವಾಲು ಕೊಡಬಹುದು. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಹಕ್ಕು ಎಂದೇ ಬರೆಯಿರಿ.

ಲೇಖನದ ಶೈಲಿ, ಉದ್ದ ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವು ತಾನಾಗಿ ಸರಿಯಾಗುತ್ತವೆ. ಅಜ್ಜಿಯ ಪ್ಯಾರಾ ಮುಟ್ಟಬೇಡಿ. ಪಂಚಾಯತಿಗೆ ಹೋಗಿ ಆ ಟ್ಯಾಂಕು ಯಾರ ಲೆಕ್ಕದಲ್ಲಿದೆ ಎಂದು ಕೇಳಿ ಬನ್ನಿ. ಸೆಕ್ರೆಟರಿಯವರು ಏನು ಹೇಳಿದರು ಎಂದು ಅವರ ಮಾತಲ್ಲೇ ಬರೆಯಿರಿ, ಅವರ ಕಡೆಯಿಂದ ನ್ಯಾಯ ಇದ್ದರೆ ಅದನ್ನೂ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ ಎಷ್ಟು ಗ್ರಾಮಸಭೆ ನಡೆಯಿತು, ಯಾವ ತಾರೀಕಿಗೆ, ಎಷ್ಟು ಮಂದಿ ಸಹಿ ಹಾಕಿದ್ದಾರೆ ಎಂದು ಮಿನಿಟ್ಸ್ ನೋಡಿ. ಪಂಚಾಯತಿನ ಆಡಿಟ್ ವರದಿಯಲ್ಲಿ ಈ ಯೋಜನೆಯ ಹೆಸರು ಬಂದಿದೆಯೇ ಎಂದೂ ನೋಡಿ. ವರದಿ ಮಲಯಾಳದಲ್ಲಿರುತ್ತದೆ, ಓದಲು ಕಷ್ಟವಾದರೆ ನನ್ನ ಬಳಿ ತನ್ನಿ, ಒಟ್ಟಿಗೆ ಕೂತು ಓದೋಣ.

ಮುಂದಿನ ತಿಂಗಳ 10ರೊಳಗೆ ಕಳಿಸಿ. ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇನೆ. ಆ ಮಲಯಾಳ ನೋಟೀಸಿನ ಕಾಪಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದರ ಫೋಟೊವನ್ನೂ ಜೊತೆಗಿಡಿ.

ನಿಮ್ಮ,
ಸಂಪಾದಕ