ಸೋಮವಾರ ಬೆಳಿಗ್ಗೆಯ ಹೊಟ್ಟೆನೋವು

ಪ್ರಶ್ನೆ: ನಮಸ್ತೆ ಡಾಕ್ಟರ್ ಮೇಡಂ. ನಾವು ಸಿದ್ದಾಪುರದ ಹತ್ತಿರ ತೋಟದಲ್ಲಿ ಇರುವವರು. ಮಗಳಿಗೆ 10 ವರ್ಷ. ಈ ಜೂನ್‌ನಲ್ಲಿ ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಆವತ್ತಿನಿಂದ ಸೋಮವಾರ ಬೆಳಿಗ್ಗೆ ಆದರೆ ಸಾಕು, ಹೊಟ್ಟೆನೋವು. ಭಾನುವಾರ ಏನೂ ಇಲ್ಲ, ನಾಯಿ ಜೊತೆ ಕಣದಲ್ಲಿ ಓಡಾಡಿಕೊಂಡಿರುತ್ತಾಳೆ. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ನಮ್ಮ ಯಜಮಾನರು ನಾಟಕ ಅಂತಾರೆ, ಅತ್ತೆ ದೃಷ್ಟಿ ತೆಗೀತಾರೆ. ಕ್ಲಾಸಲ್ಲಿ ಎಲ್ಲರಿಗಿಂತ ಕುಳ್ಳಿ ಬೇರೆ. ಟೆನ್ಷನ್‌ನಿಂದ ಬೆಳವಣಿಗೆ ನಿಂತುಹೋಗುತ್ತಾ? ಜೀಪು 7 ಗಂಟೆಗೆ ಬರುವುದರಿಂದ ಐದೂವರೆಗೇ ಎಬ್ಬಿಸುತ್ತೇವೆ, ಟ್ಯೂಷನ್ ಹೋಂವರ್ಕ್ ಮುಗಿಸಿ ಮಲಗುವಾಗ ಹತ್ತೂವರೆ.

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು. ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ನೋವು ಸುಳ್ಳಾಗಲ್ಲ. ತೋಟದ ದಾರಿಯಲ್ಲಿ ಆನೆ ಎದುರಾಯಿತು ಅಂತಿಟ್ಟುಕೊಳ್ಳಿ, ನಿಮ್ಮ ಕಡೆ ಅದೇನು ಹೊಸದಲ್ಲ. ಎದೆ ಢವಢವ, ಬಾಯಿ ಒಣಗುತ್ತೆ, ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಆ ಹೊತ್ತಿಗೆ ಸ್ಕ್ಯಾನ್ ಮಾಡಿದರೂ ನಾರ್ಮಲ್ಲೇ! ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡುತ್ತೆ, ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತೆ, ಸ್ವಲ್ಪ ಹೊತ್ತಿಗೆ ಅದೇ ಗ್ರಂಥಿಯಿಂದ ಕಾರ್ಟಿಸೋಲ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತೆ. ಮಗಳಿಗೂ ಆಗುತ್ತಿರುವುದು ಇದೇ. ಕಾರ್ಟಿಸೋಲ್ ಎಲ್ಲರಿಗೂ ಎದ್ದ 30ರಿಂದ 45 ನಿಮಿಷದಲ್ಲಿ ತಾನಾಗೇ ಏರುತ್ತೆ. ಅದರ ಮೇಲೆ ಶಾಲೆಯ ಹೆದರಿಕೆ ಸೇರಿದರೆ ಬೆಳಿಗ್ಗೆ ರೊಟ್ಟಿ ಗಂಟಲಲ್ಲಿ ಇಳಿಯದೇ ಇರುವುದು ಆಶ್ಚರ್ಯವೇನಲ್ಲ.

ಆನೆ ಹತ್ತು ನಿಮಿಷಕ್ಕೆ ಕಾಡಿನ ಕಡೆ ಹೋಗುತ್ತೆ, ನಾವು ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಕಥೆ ಹೇಳುತ್ತೇವೆ, ದೇಹವೂ ತಣ್ಣಗಾಗುತ್ತೆ. ಈ ತಣ್ಣಗಾಗುವ ಹೊತ್ತು ಸಿಕ್ಕರೆ ಟೆನ್ಷನ್‌ನಿಂದ ಅಂಥ ಹಾನಿ ಇಲ್ಲ. ಒಂದು ಪರೀಕ್ಷೆ, ಒಂದು ಭಾಷಣ ಸ್ಪರ್ಧೆ, ಇವೆಲ್ಲ ಮಕ್ಕಳಿಗೆ ಬೇಕು ಕೂಡ. ತಿಂಗಳುಗಟ್ಟಲೆ ತಣ್ಣಗಾಗಲು ಬಿಡದೇ ಇರುವುದೇ ತೊಂದರೆ. 1968ರಲ್ಲಿ ಅಮೆರಿಕದ ಬ್ರೂಸ್ ಮೆಕ್‌ಯುವೆನ್ ಅನ್ನುವ ವಿಜ್ಞಾನಿ ಈ ಒತ್ತಡದ ಹಾರ್ಮೋನು ಇಲಿಗಳ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅನ್ನುವ ಜಾಗಕ್ಕೆ ಹೋಗಿ ಸೇರುವುದನ್ನು ತೋರಿಸಿದರು. ಅದು ಹೊಸದನ್ನು ನೆನಪಿಟ್ಟುಕೊಳ್ಳುವ ಜಾಗ. ತುಂಬಾ ದಿನ ಒತ್ತಡದಲ್ಲಿಟ್ಟ ಇಲಿಗಳಲ್ಲಿ ಅಲ್ಲಿನ ನರಕೋಶಗಳ ಕವಲುಗಳು ಕುಗ್ಗುವುದು ಆಮೇಲೆ ಗೊತ್ತಾಯಿತು, ಒತ್ತಡ ನಿಲ್ಲಿಸಿದರೆ ಮತ್ತೆ ಚಿಗುರುವುದೂ ಗೊತ್ತಾಯಿತು. ಇಲಿಯ ಲೆಕ್ಕವನ್ನು ಹಾಗೇ ಮಗುವಿಗೆ ಹಚ್ಚಬೇಡಿ, ಅದಕ್ಕೆ ಹೆದರಬೇಡಿ.

ಎತ್ತರದ ವಿಷಯಕ್ಕೆ ಬರೋಣ. ಶಾಲೆಯ ಟೆನ್ಷನ್ ಒಂದರಿಂದಲೇ ಮಗು ಕುಳ್ಳಾಗಲ್ಲ. ತೀರಾ ಪ್ರೀತಿ ಆರೈಕೆ ಇಲ್ಲದೆ ಬೆಳೆದ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ, ನಿಮ್ಮ ಮನೆ ಅಂಥದ್ದಲ್ಲ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ತಾರೀಕು ಬರೆದಿಡಿ. ಆರು ತಿಂಗಳಿಗೊಮ್ಮೆ ಸಾಕು. ಮೈನೆರೆಯುವ ಮುಂಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಏರಬೇಕು. ಏರುತ್ತಿದ್ದರೆ ಆಕೆ ಕುಳ್ಳಿ ಅಷ್ಟೇ, ಅಪ್ಪ ಅಮ್ಮನ ಎತ್ತರವನ್ನೂ ಸ್ವಲ್ಪ ನೋಡಿಕೊಳ್ಳಿ ಮತ್ತೆ!

ನನಗೆ ನಿಜಕ್ಕೂ ಚಿಂತೆಯಾದದ್ದು ನೀವು ಕೊನೆಗೆ ಸುಮ್ನೆ ಬರೆದ ಸಾಲು ನೋಡಿ. ಹತ್ತೂವರೆಯಿಂದ ಐದೂವರೆ, 7 ಗಂಟೆ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳವಣಿಗೆಯ ಹಾರ್ಮೋನು ಜಾಸ್ತಿ ಬರುವುದು ಗಾಢ ನಿದ್ದೆಯಲ್ಲಿ, ಹಗಲು ಕಲಿತದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆಗೆಟ್ಟ ಮಗುವಿಗೆ ಚಿಕ್ಕದೂ ಆನೆಯಾಗಿ ಕಾಣುತ್ತೆ. ಜೀಪಿನ ಟೈಮು ನಿಮ್ಮ ಕೈಯಲ್ಲಿಲ್ಲ, ಟ್ಯೂಷನ್ ಇದೆಯಲ್ವಾ? ಮೂರು ತಿಂಗಳು ನಿಲ್ಲಿಸಿ. ಎಂಟೂಕಾಲಿಗೆ ದೀಪ ಆರಿಸಿ. ಚೀಲ, ಯೂನಿಫಾರಂ ರಾತ್ರಿಯೇ ರೆಡಿ ಇದ್ದರೆ ಬೆಳಿಗ್ಗೆ ಇನ್ನೊಂದು ಅರ್ಧ ಗಂಟೆ ಸಿಗುತ್ತೆ.

ಹೊಟ್ಟೆ ನೋಯುತ್ತೆ ಅಂತ ಮನೆಯಲ್ಲೇ ಉಳಿಸಿಕೊಳ್ಳಬೇಡಿ, ಒಂದು ಸೋಮವಾರ ತಪ್ಪಿಸಿದರೆ ಮಂಗಳವಾರ ಇನ್ನೂ ಭಾರ. ಏನಾಯ್ತು ಅಂತ ಎದುರಿಗೆ ಕೂರಿಸಿ ಕೇಳಿದರೆ ಮಕ್ಕಳು ಹೇಳಲ್ಲ. ಕಾಳು ಸುಲಿಯುವಾಗ, ದಾರಿ ನಡೆಯುವಾಗ ಕೇಳಿ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿ ಚಿತ್ರ ಬಿಡಿಸುತ್ತಾ ಬಿಡಿಸುತ್ತಾ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅಂದಳು. ಅದಕ್ಕೇ ಇಡೀ ದಿನ ನೀರು ಕುಡಿಯುತ್ತಿರಲಿಲ್ಲವಂತೆ. ಅಪ್ಪ ಅಮ್ಮ ಪಾಪ, ಗಣಿತಕ್ಕೆ ಹೆದರಿದ್ದಾಳೆ ಅಂತ ಆರು ತಿಂಗಳು ಟ್ಯೂಷನ್‌ಗೆ ಕಳಿಸಿದ್ದರು. ನಿಮ್ಮ ಮಗಳಿಗೆ ಉತ್ತರ ಗೊತ್ತಿದ್ದೂ ಇಂಗ್ಲಿಷ್‌ನಲ್ಲಿ ಹೇಳಲು ಬಾರದೇ ಇರಬಹುದು, ಟೀಚರ್ ಹತ್ತಿರ ಒಮ್ಮೆ ಮಾತಾಡಿ, ಸ್ವಲ್ಪ ದಿನ ಕನ್ನಡದಲ್ಲಿ ಉತ್ತರ ಹೇಳಲು ಬಿಡಿ ಅಂತ ಕೇಳಿ.

ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಮಾತ್ರ ಟೆನ್ಷನ್ ಅಂತ ಕೂರಬೇಡಿ, ಡಾಕ್ಟರ್ ಹತ್ತಿರ ಮತ್ತೆ ಕರೆದುಕೊಂಡು ಹೋಗಿ. ದೃಷ್ಟಿ ತೆಗೆಯುವುದರಿಂದ ನಷ್ಟವೇನಿಲ್ಲ, ಅಜ್ಜಿ ಹತ್ತಿರ ಕೂರಿಸಿಕೊಂಡು ತಲೆ ಸವರುತ್ತಾರಲ್ಲ, ಅದು ಒಳ್ಳೆಯದೇ.

ಪ್ರಶ್ನೆ: ನಮ್ಮ ಕಾಲದಲ್ಲಿ ಬೆತ್ತದ ಪೆಟ್ಟು ತಿಂದು, ಮಳೆಯಲ್ಲಿ ನಾಲ್ಕು ಮೈಲಿ ನಡೆದು ಕಲಿತೆವು. ಯಾರಿಗೂ ಏನೂ ಆಗಲಿಲ್ಲ. ಈಗಿನವರಿಗೆ ಎಂಥ ಒತ್ತಡ? – ಹಿರಿಯರೊಬ್ಬರು, ನಾಪೋಕ್ಲು

ಉತ್ತರ: ಅಜ್ಜಾ, ನಡೆದದ್ದು ಒಳ್ಳೆಯದೇ ಆಯಿತು, ಆ ನಡಿಗೆಯಲ್ಲೇ ನಿಮ್ಮ ಟೆನ್ಷನ್ ಅರ್ಧ ಇಳಿಯುತ್ತಿತ್ತು. ಬೆತ್ತದ ಮಾತು ಬೇರೆ. ಪೆಟ್ಟಿಗೆ ಹೆದರಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು ನಿಮ್ಮ ಜೊತೆಗೂ ಇದ್ದರು ತಾನೇ? ಅವರು ಪತ್ರಿಕೆಗೆ ಪತ್ರ ಬರೆಯಲ್ಲ ಅಷ್ಟೇ. ಈಗಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದೂ ತಪ್ಪು, ಮಾನಸಿಕ ಹಿಂಸೆ ಕೊಡುವುದೂ ತಪ್ಪು. ಒತ್ತಡ ಮೈಗೆ ತಟ್ಟುತ್ತಾ ಅಂತ ಅನುಮಾನ ಇದ್ದರೆ ಇದನ್ನು ಕೇಳಿ. 1998ರಲ್ಲಿ ಅಮೆರಿಕದಲ್ಲಿ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ, ಅವರನ್ನು ಒಪ್ಪಿಸಿಯೇ, ಸಣ್ಣ ಗಾಯ ಮಾಡಿ ನೋಡಿದರು. ಒಮ್ಮೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ 3 ದಿನ ಇರುವಾಗ. ಪರೀಕ್ಷೆ ಸಮಯದ ಗಾಯ ಮಾಯಲು 40% ಜಾಸ್ತಿ ಸಮಯ ಹಿಡಿಯಿತು. ಅವರೆಲ್ಲ ದೊಡ್ಡವರು, ಗಟ್ಟಿಮುಟ್ಟಾದವರು.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ಓದಿದ್ದೆಲ್ಲ ಪರೀಕ್ಷೆ ಹಾಲ್‌ನಲ್ಲಿ ಮರೆತುಹೋಗುತ್ತೆ, ಹೊರಗೆ ಬಂದ ಕೂಡಲೇ ನೆನಪಾಗುತ್ತೆ. ನನ್ನ ತಲೆಯಲ್ಲೇ ದೋಷ ಇದೆಯಾ? – ಕುಶಾಲನಗರ

ಉತ್ತರ: ಇಲ್ಲ ತಮ್ಮಾ. ಹೊರಗೆ ಬಂದಾಗ ನೆನಪಾಗುತ್ತೆ ಅಂದರೆ ಓದಿದ್ದು ಒಳಗೆ ಇದೆ. ಕಾರ್ಟಿಸೋಲ್ ಏರಿದಾಗ ಇಟ್ಟದ್ದನ್ನು ಹೊರಗೆ ತೆಗೆಯುವುದು ಕಷ್ಟವಾಗುತ್ತೆ. ಓದುವಾಗಲೇ ತೆಗೆಯುವುದನ್ನು ಅಭ್ಯಾಸ ಮಾಡು: ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಹಳೇ ಪ್ರಶ್ನೆಪತ್ರಿಕೆ ಬರಿ. ಹಾಲ್‌ನಲ್ಲಿ ತಲೆ ಖಾಲಿ ಅನ್ನಿಸಿದರೆ ಪೆನ್ನು ಕೆಳಗಿಡು, ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು, ಆರೇಳು ಸಲ, ಆಮೇಲೆ ಗೊತ್ತಿರುವ ಒಂದು ಅಂಕದ ಪ್ರಶ್ನೆಯಿಂದ ಶುರು ಮಾಡು. ಹೋದರೆ ಪ್ರಾಣ ಹೋಯಿತು ಅನ್ನುವ ಕಾಲ ಅಲ್ಲ ಇದು, 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಕೊಡಲು ಶುರು ಮಾಡಿದ್ದಾರೆ. ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಹಾಕಿ ಸ್ಟಿಕ್ ಅಟ್ಟಕ್ಕೆ ಹಾಕಿದ್ದೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಇವತ್ತೇ ಕೆಳಗೆ ಇಳಿಸು. ಸಂಜೆ ಮುಕ್ಕಾಲು ಗಂಟೆ ಆಡಿ ಬಂದು ಓದಲು ಕೂರು, ಅಪ್ಪ ಕೇಳಿದರೆ ಡಾಕ್ಟರ್ ಹೇಳಿದ್ದಾರೆ ಅಂತ ಈ ಪುಟ ತೋರಿಸು.